ಗಿರಿಜಕ್ಕನ ಹಿಟ್ಟಿನ ಗಡಿಗೆ

ಆಗಷ್ಟೇ ಬೀಸಿದ ಜೋಳದ ಹಿಟ್ಟಿಗೆ ಒಂದು ಬಿಸಿ ಇರುತ್ತದೆ, ಗೊತ್ತಲ್ಲ ನಿಮಗೆ? ಚೀಲವನ್ನು ಎದೆಗವಚಿಕೊಂಡು ನಡೆದರೆ ಆ ಬಿಸಿ ಅಂಗಿಯೊಳಗೂ ಇಳಿಯುತ್ತದೆ, ಅದರ ಹಿಂದೆಯೇ ಆ ವಾಸನೆ. ಮಾಸ್ತರಿಕೆಯಿಂದ ನಿವೃತ್ತನಾಗಿ ಹುಬ್ಬಳ್ಳಿಯಲ್ಲಿ ಮನೆ ಮಾಡಿದ ಮೇಲೆ ನನಗೆ ದೊರೆತ ಖಾಯಂ ಹುದ್ದೆ ಇದೊಂದೇ, ವಾರಕ್ಕೊಮ್ಮೆ ಗಿರಣಿಗೆ ಹೋಗಿಬರುವುದು. ಚೀಲವನ್ನು ಅಡುಗೆಮನೆಯ ಹೊಸ್ತಿಲಲ್ಲಿ ಇಳಿಸಿದರೆ ನನ್ನ ಜವಾಬ್ದಾರಿ ಮುಗಿಯಿತು. ಅದನ್ನು ಡಬ್ಬಿಗೆ ತುಂಬುವುದು ನನ್ನ ಹೆಂಡತಿಯ ಇಲಾಖೆ. ಇಷ್ಟು ವರ್ಷಗಳಲ್ಲಿ ಆ ಇಲಾಖೆಯಲ್ಲಿ ನಾನು ಒಮ್ಮೆಯೂ ಕೈಹಾಕಿಲ್ಲ.

ಇವತ್ತು ಗಿರಣಿಯಲ್ಲಿ ಪಾಳಿ ಕಾಯುತ್ತ ಕುಳಿತಿದ್ದೆ. ಗೋಡೆಯ ಮೇಲಿನ, ಹಿಟ್ಟು ಮೆತ್ತಿಕೊಂಡ ಟಿವಿಯಲ್ಲಿ ಧಾರಾವಾಹಿಯೊಂದು ನಡೆದಿತ್ತು. ಬೆಳ್ಳಿಗೂದಲಿನ ಅಜ್ಜಿಯೊಬ್ಬಳು ಮೊಮ್ಮಗನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಗಿರಣಿಯವ ಕಲ್ಲಿನ ಸದ್ದಿನ ಮೇಲೆ ಕೂಗಿ ಹೇಳಿದ: “ಈ ಮುದಕೀನ ನೋಡ್ರಿ ಸರ್. ಆ್ಯಕ್ಟಿಂಗೇ ಅನಸೂದಿಲ್ಲ. ನಮ್ಮವ್ವ ಬೈದಂಗ ಬೈತಾಳ!”

ನಾನು ಹೌದೆಂದು ತಲೆಯಾಡಿಸಿದೆ. ಆ ಮುದುಕಿ, ನಮ್ಮ ಗಿರಿಜಕ್ಕ, ನಾಲ್ಕು ದಿನದ ಹಿಂದಷ್ಟೇ ನನಗೆ ಫೋನು ಮಾಡಿದ್ದಳೆಂದು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಅವಳು ಅಂದದ್ದು ಇಷ್ಟೇ: “ಮಾಸ್ತರ, ಹೊಸಾ ಸಿನಿಮಾದಾಗ ಅಯ್ಯಾಂದೊಂದು ಪಾತ್ರ ಐತಿ. ನಿಮ್ಮ ಹೆಸರ ಹೇಳೇನಿ. ಈ ಸಲ ಮಾರಿ ತೋರಸ್ತಾರಂತ. ಬರ್ರಿ.”

ವಿಚಾರ ಮಾಡಿ ಹೇಳುತ್ತೇನೆ ಎಂದು ಫೋನು ಇಟ್ಟಿದ್ದೆ. ವಿಚಾರ ಏನೂ ಮಾಡಿರಲಿಲ್ಲ. ಈ ವಯಸ್ಸಿನಲ್ಲಿ ಬಣ್ಣ ಹಚ್ಚಿಕೊಂಡರೆ ನೋಡಿದವರು ನಗುತ್ತಾರೆ ಎಂಬ ಅಂಜಿಕೆಗೆ ನಾನಿಟ್ಟ ಹೆಸರು ವಿಚಾರ. ಇನ್ನು ನನ್ನ ಮುಖದ ಬಗ್ಗೆ ಅವಳಂದ ‘ಈ ಸಲ ಮಾರಿ ತೋರಸ್ತಾರ’ ಎಂಬ ಮಾತು ನನ್ನನ್ನು ಎಷ್ಟು ಚುಚ್ಚಿತು ಎಂಬುದು ನಿಮಗೆ ತಿಳಿಯಬೇಕಾದರೆ ನಾನು ಶಲವಡಿಗೆ ಹೋಗಬೇಕು, ಅದೂ ಎಂಬತ್ತರ ದಶಕದ ಶಲವಡಿಗೆ.

ಆಗ ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ಧಾರವಾಡದಲ್ಲಿ ಓದುವಾಗ ಕಾಲೇಜಿನ ನಾಟಕದಲ್ಲಿ ಒಂದು ಕಪ್ಪು ಗೆದ್ದಿದ್ದೆ. ಸಣ್ಣ ಕಪ್ಪು, ಅದರಲ್ಲಿ ಚಹಾ ಕುಡಿದರೆ ಎರಡು ಗುಟುಕಿಗೆ ಮುಗಿಯಬೇಕು. ಆದರೂ ಬಾಡಿಗೆ ಕೋಣೆಯಲ್ಲಿ ಬಂದವರಿಗೆಲ್ಲ ಕಾಣುವಂತೆ ಅದನ್ನು ಕಿಟಕಿಯಲ್ಲಿ ಇಟ್ಟಿದ್ದೆ. ಕೋಣೆ ಗಿರಿಜಕ್ಕನ ಮನೆಯದೇ. ಅವಳ ಗಂಡ ಬಸವಂತಪ್ಪ ಒಕ್ಕಲುತನದವನು, ಮಾತು ಕಡಿಮೆ. ಅತ್ತೆ ಸಂಗವ್ವಾಯಿಯದು ಅವನ ಪಾಲಿನ ಮಾತೂ ಸೇರಿ ಎರಡು ಪಾಲು. ಗಿರಿಜಕ್ಕನಿಗೆ ಆಗ ಮೂವತ್ತೆಂಟಿರಬೇಕು. ಎರೆಮಣ್ಣಿನ ಊರು ಅದು. ಮಳೆಯಾದರೆ ಒಂದೊಂದು ಚಪ್ಪಲಿಗೆ ಒಂದೊಂದು ಹೊಲ ಅಂಟಿಕೊಂಡು ಬರುತ್ತಿತ್ತು. ಅದನ್ನು ಮೆಟ್ಟಿಲಲ್ಲೇ ಬಿಟ್ಟು ಒಳಗೆ ಬರಬೇಕೆಂದು ನನಗೆ ಮೊದಲ ಪಾಠ ಹೇಳಿದವಳು ಸಂಗವ್ವಾಯಿ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಚೆನ್ನಯ್ಯ ಎಂಬ ಜಂಗಮರು ದಿನಾ ಮುಂಜಾನೆ ಭಿಕ್ಷೆಗೆ ಬರುತ್ತಿದ್ದರು. ಊರವರ ಬಾಯಲ್ಲಿ ಅವರು ಅಯ್ಯಾರು. ಕಾಲಿಗೆ ಕಟ್ಟಿದ ಜಂಗಿನ ಸದ್ದು ಓಣಿಯ ತುದಿಯಲ್ಲಿ ಕೇಳಿದೊಡನೆ ಗಿರಿಜಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಗಡಿಗೆಯಿಂದ ಬಟ್ಟಲು ತುಂಬ ಹಿಟ್ಟು ತೆಗೆದುಕೊಂಡು ಹೊಸ್ತಿಲಿಗೆ ಬರುತ್ತಿದ್ದಳು. ತಾನು ಸೊಸೆಯಾಗಿ ಬಂದ ದಿನದಿಂದ ಆ ಹೊಸ್ತಿಲಿನಿಂದ ಅಯ್ಯಾರು ಬರಿಗೈಯಲ್ಲಿ ಹೋದದ್ದಿಲ್ಲ ಎಂದು ಸಂಗವ್ವಾಯಿ ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ಆ ಮನೆಯಲ್ಲಿ ಬಂಗಾರ ಎಷ್ಟಿತ್ತೋ ನನಗೆ ತಿಳಿಯದು, ಹೆಮ್ಮೆ ಮಾತ್ರ ಇದೊಂದೇ ಇತ್ತು.

ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ಸಿನಿಮಾದವರು ಬಂದರು. ಹಾಡು, ಕುಣಿತ, ಹೊಡೆದಾಟ ಯಾವುದೂ ಇಲ್ಲದ ಸಿನಿಮಾ. ಇಂಥದಕ್ಕೆ ಯಾರು ಟಿಕೇಟು ತೆಗೆಯುತ್ತಾರೆಂದು ಊರವರಿಗೆಲ್ಲ ಚಿಂತೆ. ಬಡತನಕ್ಕೆ ಬಿದ್ದ ಮನೆತನವೊಂದರ ಕಥೆ. ಅದಕ್ಕೆ ಗಿರಿಜಕ್ಕನ ಮನೆಯ ಪಡಸಾಲೆಯೇ ಬೇಕೆಂದು ನಿರ್ದೇಶಕರು ಹಟ ಹಿಡಿದರು. ಬಸವಂತಪ್ಪ ಒಪ್ಪಿದ. ಸಂಗವ್ವಾಯಿ ಗಂಟು ಕಟ್ಟಿದಳು. “ಈ ಗದ್ದಲ ಮುಗಿಯೂತನಾ ನಾ ಮೊರಬದಾಗ ಮಗಳ ಮನ್ಯಾಗ ಇರತೇನಿ” ಎಂದು ಬಸ್ಸು ಹತ್ತಿದಳು.

ಬೆಂಗಳೂರಿನ ನಾಯಕಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಗಿರಿಜಕ್ಕ ಕಲಿಸಲು ಕುಳಿತಳು. “ಯವ್ವಾ, ಅದನ್ನ ಹೊಡೀಬ್ಯಾಡ, ಬಡಿ. ಸಿಟ್ಟಿಲ್ಲದ ಬಡಿ” ಎಂದು ಅವಳು ಹೇಳುವುದನ್ನು ನಿರ್ದೇಶಕರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಅತ್ತೆಯ ಪಾತ್ರಕ್ಕೆ ಬರಬೇಕಿದ್ದ ನಟಿ ಕಾಯಿಲೆ ಬಿದ್ದು ಬರಲಿಲ್ಲವಾದ್ದರಿಂದ ಆ ಪಾತ್ರವನ್ನು ಗಿರಿಜಕ್ಕನಿಗೇ ಕೊಟ್ಟರು. ನಾಚಿಕೊಂಡಳು, ನಕ್ಕಳು, ಆಮೇಲೆ ಸೆರಗು ಸರಿಮಾಡಿಕೊಂಡು ನಿಂತಳು. ಬೈ ಎಂದರೆ ಬೈದಳು, ಅಳು ಎಂದರೆ ಅತ್ತಳು. ಕ್ಯಾಮೆರಾ ಇದೆಯೆಂಬುದನ್ನು ಅವಳು ಮರೆತಷ್ಟು ಸಲೀಸಾಗಿ ನಾನು ಮರೆಯಲಾರದಾಗಿದ್ದೆ. ಯಾಕೆಂದರೆ ಅಷ್ಟರಲ್ಲಿ ನಾನೂ ಕಪ್ಪಿನ ಸಮೇತ ಹೋಗಿ ನಿರ್ದೇಶಕರನ್ನು ಕಂಡು, ಒಂದು ಪಾತ್ರ ಗಿಟ್ಟಿಸಿಕೊಂಡಿದ್ದೆ. ಭಿಕ್ಷೆಗೆ ಬರುವ ಜಂಗಮನ ಪಾತ್ರ.

ಜೋಳಿಗೆ, ಜಂಗು, ಬೆತ್ತ ಎಲ್ಲವನ್ನೂ ಚೆನ್ನಯ್ಯನವರೇ ಎರವಲು ಕೊಟ್ಟರು. ದೃಶ್ಯ ಸರಳ. ನಾನು ಬಂದು ಭಿಕ್ಷೆಗೆ ಕೂಗಬೇಕು. ಗಿರಿಜಕ್ಕ ಹೊಸ್ತಿಲಿಗೆ ಬಂದು, “ಇವತ್ತ ಏನೂ ಇಲ್ರಿ ಅಯ್ಯಾರ, ಮುಂದಿನ ಮನಿಗೆ ಹೋಗ್ರಿ” ಎನ್ನಬೇಕು. ಅಷ್ಟೇ.

ಕ್ಯಾಮೆರಾ ಓಡಿತು. ನಾನು ಬಂದೆ, ಕೂಗಿದೆ. ಗಿರಿಜಕ್ಕ ಬಂದಳು. ಜೋಳಿಗೆಯನ್ನು ನೋಡಿದಳು. ಸರಕ್ಕನೆ ಒಳಗೆ ಹೋಗಿ ಬಟ್ಟಲು ತುಂಬ ಹಿಟ್ಟು ತಂದು ಸುರಿದಳು.

“ಕಟ್! ಯಾಕಮ್ಮಾ?” ಎಂದರು ನಿರ್ದೇಶಕರು.

“ತಪ್ಪಾತ್ರಿ ಸಾಹೇಬ್ರ. ಕೈ ರೂಢಿ.”

ಎರಡನೇ ಸಲವೂ ಕೈ ರೂಢಿಯೇ ಗೆದ್ದಿತು. ಸಿನಿಮಾದವರು ಗಡಿಗೆ ಬರಿದು ಮಾಡಿದರು. ಮೂರನೇ ಸಲ ಅವಳು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕಡೆಗೆ ಹಿತ್ತಲ ಬಾಗಿಲಿನಿಂದ ಬಾಜೂ ಮನೆಗೆ ಹೋಗಿ ಕಡ ತಂದ ಹಿಟ್ಟಿನೊಡನೆ ಏದುಸಿರು ಬಿಡುತ್ತ ಬಂದಳು. ಹಿತ್ತಲ ಬಾಗಿಲಿಗೆ ಕೀಲಿ ಹಾಕಿದರು. ನಾಲ್ಕನೇ ಸಲ, ನಾಯಕಿ ಬಡಿದಿಟ್ಟಿದ್ದ ಹರಕು ರೊಟ್ಟಿಗಳೇ ನನ್ನ ಜೋಳಿಗೆಗೆ ಬಂದವು. ಹಿಟ್ಟನ್ನು ವಾಪಸು ಕೊಡಲು ಹೋದರೆ, “ನೀಡಿದ್ದನ್ನ ತಿರುಗಿ ತಗೊಳ್ಳೂದಿಲ್ರಿ” ಎಂದು ಎಲ್ಲವನ್ನೂ ಗಂಟು ಕಟ್ಟಿ ಚೆನ್ನಯ್ಯನವರಿಗೆ ಕಳಿಸಿದಳು.

ನಿರ್ದೇಶಕರು ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕುಳಿತರು. ಗಿರಿಜಕ್ಕ ಅಳುವ ಹಾಗಾಗಿದ್ದಳು. “ಸಾಹೇಬ್ರ, ಬ್ಯಾರೆ ಏನರೆ ಹೇಳ್ರಿ, ಮಾಡತೇನಿ. ನಮ್ಮ ಹೊಸ್ತಲದಾಗ ನಿಂತು ಆ ಮಾತು ನನ್ನ ಬಾಯಾಗ ಬರವಲ್ದು.”

ಅವರು ತಲೆಯೆತ್ತಿದರು. “ಮಾತು ಬೇಡಮ್ಮ. ಗಡಿಗೆ ನಿಜವಾಗಿ ಖಾಲಿಯಿದ್ದರೆ ನೀವೇನು ಮಾಡ್ತಿದ್ರಿ?”

“ಗೊತ್ತಿಲ್ರಿ. ಇನ್ನೂತನಾ ಹಂಗ ಆಗಿಲ್ಲ.”

“ಈಗ ಆಗಿದೆ ಅಂದುಕೊಳ್ಳಿ. ನಿಮಗೆ ತೋಚಿದ್ದು ಮಾಡಿ.”

ಐದನೇ ಸಲ. ನೋಡಲು ನೆರೆದಿದ್ದ ಊರವರನ್ನೆಲ್ಲ ಓಣಿಯಾಚೆ ಕಳಿಸಿದರು. ಇಷ್ಟು ಹೊತ್ತಿಗೆ ನನಗೆ ನನ್ನದೇ ಚಿಂತೆ. ನನ್ನ ಬಲಗಡೆಯ ಮುಖ ಚೆನ್ನಾಗಿದೆಯೆಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಅದು ಕ್ಯಾಮೆರಾಕ್ಕೆ ಸಿಗಲೆಂದು ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಆಶೀರ್ವಾದದ ಕೈ ಎತ್ತಿ ನಿಂತೆ. ಒಳಗೆ ಗಡಿಗೆಯ ತಳದಲ್ಲಿ ಬೆರಳು ಕೆರೆಯುವ ಸದ್ದು ಕೇಳಿತು. ಆಮೇಲೆ ಹತ್ತಿರದಲ್ಲಿ ಬಳೆಯ ಸದ್ದು. ಮಾತಿಲ್ಲ, ಕಥೆಯಿಲ್ಲ. ಕಣ್ಣು ತೆರೆದಾಗ ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ನಿಲುವಿಗೆ ಕರಗಿದರು ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ, ನಗಬೇಡಿ.

ಈಗ ನನ್ನ ತಪ್ಪಿನ ಮಾತು. ಅಣ್ಣಿಗೇರಿಯ ಚಹಾದಂಗಡಿಯಲ್ಲಿ ನಾಲ್ಕು ಜನ ಸಿಕ್ಕಾಗ ನಾನು ನನ್ನ ಸಿನಿಮಾದ ಪ್ರತಾಪ ಕೊಚ್ಚಿಕೊಂಡೆ. ಕಥೆಗೆ ರಂಗು ಬರಲೆಂದು, “ಕಡೀಕ ನನ್ನ ಬರಿಗೈಲೆ ಕಳಿಸಿಬಿಟ್ರು ನೋಡ್ರಿ” ಎಂದೆ. ಮಾತು ಅಣ್ಣಿಗೇರಿಯಿಂದ ಮೊರಬಕ್ಕೆ ನನಗಿಂತ ಬೇಗ ಹೋಯಿತು. ಅಲ್ಲಿಂದ ಸಂಗವ್ವಾಯಿ ಮರಳಿ ಬಂದಾಗ ಅವಳ ಮುಖ ಗಂಟಿಕ್ಕಿತ್ತು. ಮನೆಯ ಬಾಗಿಲಲ್ಲಿ ಸೊಸೆ ಅಯ್ಯಾರನ್ನು ಬರಿಗೈಯಲ್ಲಿ ಕಳಿಸಿದಳು ಎಂಬುದೊಂದೇ ಅವಳ ಕಿವಿಗೆ ಬಿದ್ದಿತ್ತು.

ನಾನು ಓಡಿಹೋಗಿ, “ಆಯಿ, ಅದು ನಾಟಕರೀ. ನಾನೇನು ಖರೇ ಅಯ್ಯಾ ಅಲ್ಲಲ್ಲ” ಎಂದೆ.

“ನೀವು ಅಯ್ಯಾ ಅಲ್ಲ ಅನ್ನೂದು ನನಗೂ ಗೊತ್ತೈತಿ ಮಾಸ್ತರ. ಜೋಳಿಗಿ ಖರೇದಿತ್ತಲ್ಲ?”

“ನಾಕು ಸಲ ನೀಡ್ಯಾರ್ರಿ ಗಿರಿಜಕ್ಕ!”

“ಐದನೇ ಸಲ?”

ಆ ಸಲ ಕಣ್ಣು ಮುಚ್ಚಿ ನಿಂತಿದ್ದ ನಾನು ಏನನ್ನೂ ಕಂಡಿರಲಿಲ್ಲ. ಸಂಗವ್ವಾಯಿ ಗಿರಿಜಕ್ಕನನ್ನೇ ಕೇಳಿದ್ದಕ್ಕೆ ಅವಳು, “ಏನಂತ ಹೇಳ್ಲಿ ಅತ್ತಿ, ಗಡಿಗ್ಯಾಗ ಏನೂ ಇರಲಿಲ್ಲ” ಎಂದಳಷ್ಟೇ. ಆ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಮಾತು ಕಡಿಮೆಯಾಯಿತು. ನಾನು ಕಪ್ಪನ್ನು ಕಿಟಕಿಯಿಂದ ತೆಗೆದು ಟ್ರಂಕಿನಲ್ಲಿಟ್ಟೆ.

ವರ್ಷವೊಂದು ಕಳೆದ ಮೇಲೆ ನಿರ್ದೇಶಕರ ಪತ್ರ ಬಂತು. ನನಗಲ್ಲ, ಗಿರಿಜಕ್ಕನಿಗೆ. ಬೆಂಗಳೂರಿನಲ್ಲಿ ಟಿವಿಗೆಂದು ಧಾರಾವಾಹಿ ಮಾಡುತ್ತಿದ್ದಾರೆ, ತಾಯಿಯ ಪಾತ್ರಕ್ಕೆ ಅವಳೇ ಬೇಕು. ಬರುವ ಭಾನುವಾರ ಮಧ್ಯಾಹ್ನ ನಮ್ಮ ಸಿನಿಮಾವನ್ನು ದಿಲ್ಲಿಯ ಟಿವಿಯಲ್ಲಿ ತೋರಿಸುತ್ತಾರೆ, ಮನೆಯವರೆಲ್ಲ ನೋಡಿ ಆಮೇಲೆ ತಿಳಿಸಿ, ಎಂದು ಬರೆದಿದ್ದರು. ಪತ್ರ ಓದಿ ಹೇಳಿದವನು ನಾನೇ. ಗಿರಿಜಕ್ಕ ಅದನ್ನು ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನನಗ ಹೋಗಬೇಕನಸೇತ್ರಿ ಮಾಸ್ತರ” ಎಂದು ಮೆಲ್ಲಗೆ ಹೇಳಿದಳು. “ಅವತ್ತ ಆ ಕ್ಯಾಮೆರಾದ ಮುಂದ ನಿಂತಾಗ ನಾ ಯಾರ ಸೊಸೀನೂ ಅಲ್ಲ, ಯಾರ ಹೇಣ್ತೀನೂ ಅಲ್ಲ ಅನಿಸಿತ್ತು. ಕೈಕಾಲು ಹಗುರಾಗಿದ್ವು.” ಬಸವಂತಪ್ಪ, “ಅವ್ವ ಹೂಂ ಅಂದ್ರ ನಂದೇನಿಲ್ಲ” ಎಂದ. ಅವ್ವ ಹೂಂ ಅನ್ನಲಿಲ್ಲ. ಹೊಸ್ತಿಲು ಕೆಡಿಸಿದ ಆಟಕ್ಕೆ ಮತ್ತೆ ಕಳಿಸುವುದಿಲ್ಲ ಎಂದು ಖಡಾಖಂಡಿತ ಹೇಳಿದಳು.

ಭಾನುವಾರ ಬಂತು. ಪಂಚಾಯಿತಿಯ ಟಿವಿಯ ಮುಂದೆ ಊರೇ ನೆರೆಯಿತು. ಚೆನ್ನಯ್ಯನವರೂ ಬಂದು ಗೋಡೆಗೆ ಒರಗಿ ಕುಳಿತರು. ಸಂಗವ್ವಾಯಿ ಬರುವುದಿಲ್ಲವೆಂದು ಹಟ ಹಿಡಿದವಳು, ಸಿನಿಮಾ ಶುರುವಾದ ಮೇಲೆ ಕೋಲೂರುತ್ತ ಬಂದು ಎಲ್ಲರಿಗಿಂತ ಮುಂದೆ ಕುಳಿತಳು.

ದೃಶ್ಯ ಬಂತು. ಪರದೆಯ ಮೇಲೆ ಎರಡು ಕಾಲು. ಜಂಗು ಕಟ್ಟಿದ ನನ್ನ ಕಾಲು. ಸೊಂಟದ ಮೇಲಕ್ಕೆ ಕ್ಯಾಮೆರಾ ಏರಲೇ ಇಲ್ಲ. ನನ್ನ ಬಲಗಡೆಯ ಮುಖ, ಎತ್ತಿದ ಗದ್ದ, ಆಶೀರ್ವಾದದ ಕೈ, ಒಂದೂ ಇಲ್ಲ. ಕಾಲು ಮತ್ತು ಜೋತಾಡುವ ಜೋಳಿಗೆ, ಅಷ್ಟೇ. ಹಿಂದಿನಿಂದ ನನ್ನ ಶಾಲೆಯ ಹುಡುಗರು ಕಿಸಕ್ಕೆಂದರು.

ಆಮೇಲೆ ಅವಳ ಕೈಗಳು ಬಂದವು. ಬರಿಯ ಎರಡು ಅಂಗೈ. ಗಡಿಗೆಯ ತಳ ಕೆರೆದಾಗ ಹತ್ತಿದ್ದ ಹಿಟ್ಟಿನ ಪುಡಿ ಗೆರೆಗಳಲ್ಲಿ ಬೆಳ್ಳಗೆ ಕಾಣುತ್ತಿತ್ತು. ಆ ಕೈಗಳು ಜೋಳಿಗೆಯ ಬಾಯಿಯ ಮೇಲೆ ಬಂದು, ಒಂದನ್ನೊಂದು ಮೆಲ್ಲಗೆ ಒರೆಸಿ, ಆ ಪುಡಿಯನ್ನು ಅದರೊಳಗೆ ಝಾಡಿಸಿದವು. ಬೆರಳಿನ ಸಂದಿಯಲ್ಲಿ ಉಳಿದದ್ದನ್ನೂ ಬಿಡಲಿಲ್ಲ. ಆಮೇಲೆ ಅವಳ ಮುಖ. ಅದರಲ್ಲಿ ನಾಚಿಕೆಯೂ ಇತ್ತು, ಇಷ್ಟಾದರೂ ಕೊಟ್ಟೆನಲ್ಲ ಎಂಬುದೂ ಇತ್ತು. ಅವಳ ಎದುರು ಮೊಳದಂತರದಲ್ಲಿ ನಿಂತಿದ್ದ ನಾನು ಅದನ್ನು ಮೊದಲ ಸಲ ನೋಡಿದ್ದು ಅವತ್ತು, ಊರವರೆಲ್ಲರ ಜೊತೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು, ಅವಳ ಮೇಲೆ ಹೇಳಲಾಗದಷ್ಟು ಅಭಿಮಾನವಾಯಿತು.

ಸಂಗವ್ವಾಯಿ ಗೋಡೆಯ ಕಡೆ ತಿರುಗಿದಳು. “ಅಯ್ಯಾರ, ನೋಡಿದ್ರ್ಯಾ? ಜೋಳಿಗಿ ಬರಿದ ಹೋಗಲಿಲ್ಲಲ್ಲ?”

“ಇಲ್ಲ ತಾಯಿ” ಎಂದರು ಚೆನ್ನಯ್ಯ. “ತುಂಬೇತಿ.”

ಮನೆಗೆ ಬರುವಾಗ ಗಿರಿಜಕ್ಕನನ್ನು ಕೇಳಿದೆ, ಇದನ್ನು ಆವತ್ತೇ ಯಾಕೆ ಹೇಳಲಿಲ್ಲ ಎಂದು. “ಕೈಗೆ ಹತ್ತಿದ್ದ ಹಿಟ್ಟಿಗೆ ನೀಡಿದ್ದು ಅಂತ ಹ್ಯಾಂಗ ಹೇಳ್ಲಿರಿ?” ಎಂದಳು.

ಮರುದಿನ ಮುಂಜಾನೆ ನಾನು ಶಾಲೆಗೆ ಹೊರಟಿದ್ದೆ. ಅಡುಗೆಮನೆಯಿಂದ ಸಂಗವ್ವಾಯಿಯ ದನಿ ಎಂದಿನ ಬಿರುಸಿನಲ್ಲೇ ಕೇಳಿತು. “ಹೋಗಬೇಕಂದ್ರ ಹೋಗು. ಹೋಗೂ ಮುಂದ ಹಿಟ್ಟಿನ ಗಡಿಗಿ ತುಂಬಿಟ್ಟು ಹೋಗು. ನೀ ಬರೂತನಾ ಅಯ್ಯಾರಿಗೆ ನಾ ನೀಡತೇನಿ.”

ಗಿರಿಜಕ್ಕ ಹೋದಳು. ಆ ಧಾರಾವಾಹಿಯ ಹಿಂದೆ ಇನ್ನೊಂದು, ಅದರ ಹಿಂದೆ ಸಿನಿಮಾ. ತಾಯಿಯಾದಳು, ಅತ್ತೆಯಾದಳು, ಊರ ಗೌಡತಿಯಾದಳು, ಈಗ ಬೆಳ್ಳಿಗೂದಲಿನ ಅಜ್ಜಿ. ಸಿನಿಮಾದವರು ಆ ಅಂಗೈಗಳನ್ನು ಮತ್ತೆ ಮತ್ತೆ ಕರೆದರು. ನಾನು ವರ್ಗವಾಗಿ ಹೋಗುವವರೆಗೂ ಕಂಡಿದ್ದೇನೆ: ಪ್ರತಿ ಸಲ ಬ್ಯಾಗು ಹಿಡಿಯುವ ಮೊದಲು ಅವಳು ಗಡಿಗೆ ತುಂಬುತ್ತಿದ್ದಳು, ಜಂಗಿನ ಸದ್ದಾದೊಡನೆ ಸಂಗವ್ವಾಯಿ ಕೋಲೂರಿಕೊಂಡು ಹೊಸ್ತಿಲಿಗೆ ಬರುತ್ತಿದ್ದಳು. ಗಿರಿಜಕ್ಕ ಯಾವ ಸಂದರ್ಶನದಲ್ಲಿ ಏನು ಹೇಳುತ್ತಾಳೋ ನಾನರಿಯೆ, ಅವಳನ್ನು ನಟಿ ಮಾಡಿದವಳು ಬಟ್ಟಲು ಹಿಡಿದ ಆ ಮುದುಕಿ ಸಂಗವ್ವಾಯಿಯೇ ಎಂದು ನಾನಂತೂ ನಂಬಿದ್ದೇನೆ.

ಗಿರಣಿಯಿಂದ ಬರುವ ದಾರಿಯುದ್ದಕ್ಕೂ ಇದೇ ತಲೆಯಲ್ಲಿತ್ತು. ಕಾಲು ತೋರಿಸಿ ಬಂದವನಿಗೆ ಮುಖ ತೋರಿಸಲು ಕರೆ ಬಂದಿದೆ, ಕರೆದವಳು ಅವಳು, ನನಗೆ ಮಾತ್ರ ನೋಡಿದವರು ನಗುತ್ತಾರೆಂಬ ಅಂಜಿಕೆ. ಶಲವಡಿಯ ಹುಡುಗರು ಆಗಲೇ ನಕ್ಕಾಗಿದೆಯಲ್ಲ, ಇನ್ನು ಉಳಿದದ್ದೇನು? ಮನೆಯ ಮೆಟ್ಟಿಲಲ್ಲೇ ನಿಂತು ಫೋನು ಹಚ್ಚಿ, “ಗಿರಿಜಕ್ಕಾ, ಬರ್ತೇನ್ರಿ. ಈ ಸಲ ಕಣ್ಣು ತೆರಕೊಂಡು ನಿಲ್ತೇನಿ” ಎಂದೆ. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿತು.

ಒಳಗೆ ಬಂದೆ. ಚೀಲವನ್ನು ಹೊಸ್ತಿಲಲ್ಲಿ ಇಳಿಸಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ಬಿಸಿ ಹಿಟ್ಟು ಸುರಿಯತೊಡಗಿದೆ. ಅರ್ಧ ಡಬ್ಬಿಗೆ, ಅರ್ಧ ನೆಲಕ್ಕೆ. ಶಲವಡಿಯ ಕಥೆಯನ್ನು ನನ್ನಿಂದ ನೂರು ಸಲ ಕೇಳಿದ್ದ ನನ್ನ ಹೆಂಡತಿ ಬಾಗಿಲಿಗೆ ಬಂದಳು. ನೆಲ ನೋಡಿದಳು, ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು.

“ಎಲ್ಲಿಗೆ ಹೊಂಟೀರಿ?” ಎಂದಳು.