ಗಂಟಿಲ್ಲದ ಹೊಲಿಗೆ

ನನ್ನ ಅಬ್ಬಾ ಜೈಲಿಗೆ ಹೋದದ್ದು ನನ್ನ ಹೊಲಿಗೆ ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ. ಹೀಗೆ ಹೇಳಿದರೆ ಮೊಮ್ಮಕ್ಕಳು ಕಿಸಕ್ಕನೆ ನಗುತ್ತಾರೆ. ನಗಲಿ, ಅವರಿಗೇನು ಗೊತ್ತು! ನನಗೆ ಇವತ್ತಿಗೂ ನಗು ಬರುವುದಿಲ್ಲ. ಸಿಟ್ಟು ಬರುತ್ತದೆ, ಅದೂ ನನ್ನ ಮೇಲೆಯೇ.

ಹುಣಸೂರಿನ ಪೇಟೆಯಲ್ಲಿ ನಮ್ಮ ಮನೆ. ಮುಂಭಾಗ ಅಬ್ಬಾರ ದರ್ಜಿ ಅಂಗಡಿ, ಹಿಂದೆ ನಾವು, ನಡುವೆ ಒಂದು ಪರದೆ. ಅಬ್ಬಾ ಬಟ್ಟೆ ಕತ್ತರಿಸಿ ಮಿಷಿನ್ನಿನಲ್ಲಿ ಹೊಲಿಯುತ್ತಿದ್ದರು. ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು, ಅಂಚು ಮಡಿಚಿ ಕೈಹೊಲಿಗೆ ಹಾಕುವುದು ಪರದೆಯ ಹಿಂದಿನ ಹೆಂಗಸರ ಕೆಲಸ. ಅಮ್ಮಿಯ ಕಣ್ಣು ಮಂಜಾದ ಮೇಲೆ ಅಷ್ಟೂ ನನ್ನ ಪಾಲಿಗೆ ಬಂತು. ಆಗ ನನಗೆ ಹದಿನೆಂಟು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿತು ಓದು ಬಿಟ್ಟಿದ್ದೆ, ಮದುವೆಯ ಮಾತು ನಡೆಯುತ್ತಿತ್ತು.

ಹೊಲಿಗೆ ಕಲಿಸಿದ್ದು ಅಬ್ಬಾರ ತಾಯಿ, ನಮ್ಮ ದಾದಿ. ಅವರದು ಒಂದೇ ಕಟ್ಟುನಿಟ್ಟು: ದಾರಕ್ಕೆ ಗಂಟು ಹಾಕಕೂಡದು. ಶುರುವಿನಲ್ಲೂ ಕೊನೆಯಲ್ಲೂ ಮೂರು ಸಣ್ಣ ಹೊಲಿಗೆಗಳನ್ನು ಓರೆಯಾಗಿ ಹಿಂದಕ್ಕೆ ಹಾಕಿ, ದಾರದ ತುದಿಯನ್ನು ಬಟ್ಟೆಯೊಳಗೇ ಅಡಗಿಸಬೇಕು. ಗಂಟು ಮೈಗೆ ಚುಚ್ಚುತ್ತದೆ ಎನ್ನುವುದು ಅವರ ಮಾತು. ನಾನು ಗಂಟು ಹಾಕಿದಾಗಲೆಲ್ಲ ಬೆರಳಿಗೆ ಗಜಕಡ್ಡಿಯ ಏಟು ಬೀಳುತ್ತಿತ್ತು. ಊರಿನಲ್ಲಿ ಬೇರೆ ಯಾವ ದರ್ಜಿಯ ಮನೆಯಲ್ಲೂ ಈ ಹೊಲಿಗೆ ಇರಲಿಲ್ಲ. ಅದರ ಮೇಲೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

೧೯೪೭ರ ಆಗಸ್ಟ್ ಹದಿನೈದು ರಂಜಾನ್ ತಿಂಗಳಲ್ಲಿ ಬಂತು. ದರ್ಜಿಗಳಿಗೆ ಉಸಿರಾಡಲೂ ಪುರಸೊತ್ತಿಲ್ಲದ ಕಾಲ. ಹಬ್ಬದ ಬಟ್ಟೆಗಳ ನಡುವೆ ಶಾಲೆಗೆ, ಪೇಟೆಗೆ ಎಂದು ಬಾವುಟಗಳನ್ನೂ ಹೊಲಿದೆವು. ಆ ದಿನ ಹಂಚಿದ ಸಕ್ಕರೆಯನ್ನು ಅಬ್ಬಾ ಉಪವಾಸವಿದ್ದ ಕಾರಣ ಬಾಯಿಗೆ ಹಾಕದೆ ಜೇಬಿನಲ್ಲಿ ಇಟ್ಟುಕೊಂಡು ಬಂದರು. ಸಂಜೆ ಉಪವಾಸ ಬಿಡುವಾಗ ಮೊದಲು ಅದನ್ನೇ ಚಿಟಿಕೆ ಚಿಟಿಕೆ ಹಂಚಿದರು. ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಪುಡಿ ಜೇಬಿನಲ್ಲಿತ್ತು, ಸಕ್ಕರೆಗೂ ಹತ್ತಿತ್ತು. ನಾವು ಅದನ್ನೂ ಸೇರಿಸಿಯೇ ತಿಂದೆವು.

ಹಬ್ಬ ಕಳೆದು ನಾಲ್ಕು ದಿನ ಆಗಿರಲಿಲ್ಲ. ಎದುರಿನ ದಿನಸಿ ಅಂಗಡಿಯ ಶೆಟ್ಟರು ಪೇಪರ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಅಬ್ಬಾ ಮತ್ತು ಅವರು ಚಿಕ್ಕಂದಿನಲ್ಲಿ ಲಕ್ಷ್ಮಣತೀರ್ಥ ಹೊಳೆಯಲ್ಲಿ ಒಟ್ಟಿಗೆ ಈಜು ಕಲಿತವರು.

"ಉತ್ತರದ ಕಡೆ ರೈಲುಗಟ್ಲೆ ಜನ ಸಾಯ್ತಾವ್ರಂತೆ ಸಾಬ್ರೇ. ನೀವೂ ಆ ಕಡೀಕೆ ಹೊಂಟೀರೇನು?" ಎಂದರು.

"ಯಾವ ಕಡೀಕೆ?"

"ಅದೇ, ಪಾಕಿಸ್ತಾನಕ್ಕೆ."

"ನಾನು ಮೈಸೂರಿಗೇ ವರ್ಷಕ್ಕೊಂದ್ ದಪ ಓಗೋನು ಶೆಟ್ರೇ," ಎಂದರು ಅಬ್ಬಾ. ಜಗಲಿಯಲ್ಲಿ ಕೂತವರೆಲ್ಲ ನಕ್ಕರು, ಶೆಟ್ಟರೂ ನಕ್ಕರು. ಆದರೆ ಮಿಷಿನ್ನಿನ ಸದ್ದು ನಿಂತೇ ಹೋಗಿತ್ತು. ಈ ಮನುಷ್ಯನ ನಾಲಗೆ ಸೇದಿಹೋಗ ಎಂದು ನಾನು ಪರದೆಯ ಹಿಂದೆ ಶಪಿಸಿದೆ. ಅವರು ಕೇಡಿನಿಂದ ಕೇಳಿರಲಿಲ್ಲ, ಗೊತ್ತು. ಆದರೂ ಕೇಳಿದರಲ್ಲ!

ಸೆಪ್ಟೆಂಬರಿಗೆ ಊರಿನ ಗಾಳಿಯೇ ಬದಲಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಆದರೆ ನಮ್ಮದು ಮಹಾರಾಜರ ಸೀಮೆ. ಅಧಿಕಾರ ಇನ್ನೂ ದಿವಾನರ ಕೈಯಲ್ಲೇ ಇತ್ತು. ಜವಾಬ್ದಾರಿ ಸರ್ಕಾರ ಕೊಡಿ ಎಂದು ಜನ ಬೀದಿಗೆ ಇಳಿದರು. ಸಭೆ ಸೇರಬಾರದು ಎಂದು ಡಂಗುರ ಹೊಡೆಸಿದರು. ಪಿರಿಯಾಪಟ್ಟಣದಲ್ಲಿ ಲಾಠಿ ಬೀಸಿದರಂತೆ, ಹೆಗ್ಗಡದೇವನಕೋಟೆಯಲ್ಲಿ ಮೇಷ್ಟರೊಬ್ಬರನ್ನು ಹಿಡಿದರಂತೆ ಎಂದು ಬಸ್ಸಿನಲ್ಲಿ ಬಂದವರು ಹೇಳುತ್ತಿದ್ದರು. ಆಗಸ್ಟಿನಲ್ಲಿ ಹಾರಿಸಿದ್ದಕ್ಕೆ ಸಕ್ಕರೆ ಹಂಚಿದ ಅದೇ ಬಾವುಟವನ್ನು ಈಗ ತಾಲ್ಲೂಕು ಕಚೇರಿಯ ಮೇಲೆ, ಗಂಡಭೇರುಂಡದ ಬಾವುಟದ ಜಾಗದಲ್ಲಿ ಏರಿಸಿದರೆ ಜೈಲು.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಶೆಟ್ಟರು ಬೆಲ್ಲದ ಪಿಂಡಿಯ ಹಾಗೆ ಕಾಣುವ ಗಂಟೊಂದನ್ನು ತಂದು ಅಬ್ಬಾರ ಮುಂದಿಟ್ಟರು. ಬಿಚ್ಚಿದರೆ ಮೂರು ಬಣ್ಣದ ಖಾದಿ ಬಟ್ಟೆ.

"ಕಚೇರಿ ಮ್ಯಾಲೆ ಆರ್ಸೋಕೆ ಒಂದು ದೊಡ್ಡ ಬಾವುಟ ಬೇಕು ಸಾಬ್ರೇ. ಬ್ಯಾಡ ಅಂದ್ರೆ ಬುಡಿ, ಬ್ಯಾರೆ ಊರಲ್ಲಿ ಒಲಿಸ್ತೀವಿ."

ಅಬ್ಬಾ ಗೋಡೆಯ ಗೂಟದ ಕಡೆ ಕೈ ತೋರಿಸಿದರು. ಅಲ್ಲಿ ಪೊಲೀಸ್ ಇನ್‌ಸ್ಪೆಕ್ಟರರ ದಸರಾ ಬಂದೋಬಸ್ತಿನ ಹೊಸ ಖಾಕಿ ಕೋಟು ಅರ್ಧ ಹೊಲಿದು ನೇತಾಡುತ್ತಿತ್ತು. ಇನ್‌ಸ್ಪೆಕ್ಟರರು ದಿನಾ ತೊಡುತ್ತಿದ್ದ ಹಳೆಯ ಕೋಟೂ ನಮ್ಮ ಅಂಗಡಿಯದೇ. ಶೆಟ್ಟರು ಗಂಟು ಕಟ್ಟಿಕೊಂಡು ಎದ್ದರು. ಅಬ್ಬಾ ಅವರ ಕೈಯಿಂದ ಅದನ್ನು ಕಿತ್ತುಕೊಂಡು ಒಳಗೆ ಬಂದರು.

"ಕೇಳು," ಎಂದರು ನನಗೆ. "ಮಿಷಿನ್ ಸದ್ದಾದರೆ ಹತ್ತು ಜನ ಬಗ್ಗಿ ನೋಡುತ್ತಾರೆ. ಕೈಯಲ್ಲೇ ಹೊಲಿ. ಆದರೆ ನಿನ್ನ ಹೊಲಿಗೆ ಬೇಡ. ಗೋಣಿಚೀಲ ಹೊಲಿದ ಹಾಗೆ ಹೊಲಿ, ಗಂಟು ಹಾಕು. ಯಾರ ಕೈಯದು ಅಂತ ಗೊತ್ತಾಗಬಾರದು."

ಹಾಗೇ ಮಾಡಿದೆ. ಒಂದು ಅಂಚು ಪೂರ್ತಿ ಗೋಣಿಯ ಹೊಲಿಗೆ ಹಾಕಿದೆ. ಎತ್ತಿ ಹಿಡಿದು ನೋಡಿದೆ. ಕಚೇರಿಯ ಮೇಲೆ ಗಾಳಿ ಜೋರು. ಗಂಟು ಕಳಚಿ ಎಲ್ಲರ ಎದುರಿಗೆ ಬಾವುಟ ಬಿಚ್ಚಿಕೊಂಡು ಬಿದ್ದರೆ? ಸಾಬರ ಮನೆಯಲ್ಲಿ ಹೊಲಿದದ್ದು, ಬೇಕಂತಲೇ ಹೀಗೆ ಹೊಲಿದರು ಎನ್ನುವುದಿಲ್ಲವೇ? ಆ ಕಡೆಗೆ ಹೊರಟೀರಾ ಎಂದು ಕೇಳಿದ ಬಾಯಿಗಳೇ ಅನ್ನುತ್ತಿದ್ದವು. ಅಷ್ಟನ್ನೂ ಬಿಚ್ಚಿದೆ. ಮೂಲೆಗಳನ್ನು ಮಡಿಚಿ, ದಾದಿ ಕಲಿಸಿದ ಹಾಗೆ ಮೂರು ಮೂರು ಓರೆ ಹೊಲಿಗೆ ಹಾಕಿ ತುದಿ ಅಡಗಿಸಿದೆ. ಚಕ್ರದ ಇಪ್ಪತ್ನಾಲ್ಕು ಕಡ್ಡಿಗಳನ್ನು ನೀಲಿ ದಾರದಲ್ಲಿ ತುಂಬುವಷ್ಟರಲ್ಲಿ ಮೂರು ದಿನ ಆಯಿತು. ಅಬ್ಬಾ ಬಂದು ಕೇಳಿದಾಗ ಮಡಿಚಿದ ಬಟ್ಟೆಯನ್ನೇ ಕೊಟ್ಟು, "ನೀವು ಹೇಳಿದ ಹಾಗೇ ಹೊಲಿದಿದ್ದೇನೆ," ಎಂದೆ. ಅವರು ಬಿಚ್ಚಿ ನೋಡಲಿಲ್ಲ.

ಬಾವುಟ ಏರಿತು. ಬೆಳಗ್ಗೆ ಹತ್ತರ ಹೊತ್ತಿಗೆ ಜೈಕಾರ ನಮ್ಮ ಮನೆವರೆಗೂ ಕೇಳಿಸಿತು, ಹಿಂದೆಯೇ ಸೀಟಿ, ಓಡುವ ಕಾಲುಗಳು, ಅಂಗಡಿಗಳ ಬಾಗಿಲು ಹಾಕುವ ಸದ್ದು. ಮಧ್ಯಾಹ್ನಕ್ಕೆ ಬಾವುಟವನ್ನು ಇಳಿಸಿದರು ಎಂದು ಗೊತ್ತಾಯಿತು. ಎರಡು ದಿನ ಇನ್‌ಸ್ಪೆಕ್ಟರರು ಊರಿನ ದರ್ಜಿಗಳನ್ನೆಲ್ಲ ಕರೆಸಿ ವಿಚಾರಿಸಿದರು. ನಮ್ಮನ್ನು ಮಾತ್ರ ಕರೆಯಲಿಲ್ಲ.

ಮೂರನೆಯ ದಿನ ಅವರೇ ಬಂದರು. ಪರದೆಯ ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು. ಬಾವುಟವನ್ನು ಕತ್ತರಿಸುವ ಹಲಗೆಯ ಮೇಲೆ ಹರಡಿದರು. ತಾವು ತೊಟ್ಟಿದ್ದ ಕೋಟಿನ ಅಂಚನ್ನು ಮಗುಚಿ ಅದರ ಪಕ್ಕಕ್ಕೆ ಹಿಡಿದರು.

"ಈ ಮೂಲೆ ನೋಡಿ ಸಾಬ್ರೇ. ಈ ಕೋಟಿನ ಮೂಲೇನೂ ನೋಡಿ. ಎರಡರಲ್ಲೂ ಗಂಟಿಲ್ಲ."

ಅಬ್ಬಾ ಬಾವುಟದ ಹೊಲಿಗೆಯನ್ನು ಆಗಲೇ ಮೊದಲ ಸಲ ನೋಡಿದ್ದು.

"ಬಟ್ಟೆ ತಂದೋರು ಯಾರು ಹೇಳಿ, ನಾನು ಹೋಗ್ತೀನಿ," ಎಂದರು ಇನ್‌ಸ್ಪೆಕ್ಟರರು.

ಎದುರಿನ ಅಂಗಡಿಯಲ್ಲಿ ಶೆಟ್ಟರು ತಕ್ಕಡಿ ಹಿಡಿದವರು ಹಾಗೇ ನಿಂತಿದ್ದರು.

"ನಾನು ಅಳತೆ ಬರ್ಕೋತೀನಿ ಸ್ವಾಮಿ, ಎಸ್ರು ಬರ್ಕೊಳಾಕಿಲ್ಲ," ಎಂದರು ಅಬ್ಬಾ.

"ಹಾಗಾದ್ರೆ ಹೊಲಿದೋರು ಯಾರು? ಇದು ಕೈಹೊಲಿಗೆ. ನಿಮ್ಮದು ಮಿಷಿನ್ನಿನ ಕೈ. ಒಳಗಡೆ ಯಾರು ಹೊಲೀತಾರೆ?"

"ಯಾರೂ ಇಲ್ಲ. ನಾನೇಯ ಒಲ್ದಿದ್ದು."

"ನೀವೇ ಆದ್ರೆ ಈ ಮೂಲೆ ಇನ್ನೊಂದ್ ಸಲ ಹಾಕಿ ತೋರಿಸಿ." ಅವರು ಚೂರು ಬಟ್ಟೆ ಎಳೆದು ಅಬ್ಬಾರ ಮುಂದಿಟ್ಟರು.

ಅಬ್ಬಾ ಸೂಜಿ ತೆಗೆದುಕೊಂಡರು. ದಾರವನ್ನು ನಾಲಗೆಗೆ ತಾಗಿಸಿ ಪೋಣಿಸಿದರು. ಆಮೇಲೆ, ಯಾ ಅಲ್ಲಾ, ದಾರದ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಗಂಟು ಹಾಕಿಬಿಟ್ಟರು! ಹಾಕಿದ ಮೇಲೆ ಗೊತ್ತಾಯಿತು ಅವರಿಗೆ. ಗಂಟನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಇನ್‌ಸ್ಪೆಕ್ಟರರು ಆ ಅಂಗೈಯನ್ನು ನೋಡಿದರು, ತಲೆಯೆತ್ತಿ ನಮ್ಮ ಪರದೆಯನ್ನು ನೋಡಿದರು. ಅಮ್ಮಿ ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳುವ ಶಕ್ತಿ ನನಗೆ ಇತ್ತು. ಒಂದು ಹೆಜ್ಜೆ ಮುಂದಿಟ್ಟು, ನಾನು ಹೊಲಿದದ್ದು ಎನ್ನಬೇಕಿತ್ತು. ನಿಂತಲ್ಲೇ ನಿಂತೆ. ಅಬ್ಬಾರನ್ನು ನಾನು ಬಿಟ್ಟುಕೊಟ್ಟೆ.

"ಸರಿ. ನೀವೇ ಹೊಲಿದದ್ದು ಅಂತ ಬರ್ಕೋತೀನಿ," ಎಂದರು ಇನ್‌ಸ್ಪೆಕ್ಟರರು. ಅಬ್ಬಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕತ್ತಿನಲ್ಲಿ ಅಳತೆಯ ಪಟ್ಟಿ ಹಾಗೇ ಜೋತಾಡುತ್ತಿತ್ತು.

ಮಾರನೆಯ ದಿನ ಶೆಟ್ಟರು ಹಿತ್ತಿಲ ಬಾಗಿಲಿಗೆ ಬಂದರು. "ನಾ ಒಪ್ಕೊಂಡ್ರೆ ಇಬ್ರನ್ನೂ ಇಡ್ಕೋತಾರೆ ಕಣವ್ವ, ಅವ್ರನ್ನ ಬುಡಾಕಿಲ್ಲ," ಎಂದು ಅತ್ತರು. ನಿಜವೇ ಹೇಳಿದರೇನೋ. ನನಗೆ ಮೈಯೆಲ್ಲ ಉರಿದುಹೋಯಿತು.

"ಹೊಂಟೀರೇನು ಅಂತ ಕೇಳಿದ್ರಲ್ಲ ಶೆಟ್ರೇ," ಎಂದೆ ಬಾಗಿಲ ಮರೆಯಿಂದ. "ಹೊಂಟ್ರು ನೋಡಿ." ಅವರು ಮುಖ ಮುಚ್ಚಿಕೊಂಡು ಹೋದರು. ಹೊರಗೆ ಬಾರದ ನಾನು ಯಾವ ಬಾಯಲ್ಲಿ ಅವರನ್ನು ಅಂದೆನೋ!

ವಾರ ಕಳೆದ ಮೇಲೆ ಒಬ್ಬ ಕಾನ್‌ಸ್ಟೇಬಲ್ ಬಂದು, ಸಾಹೇಬರು ಹೊಸ ಕೋಟು ಮುಗಿಸಿಕೊಡಲು ಹೇಳಿದ್ದಾರೆ ಎಂದ. ಮಿಷಿನ್ನಿನ ಹೊಲಿಗೆ ಆಗಿತ್ತು, ಉಳಿದಿದ್ದು ನನ್ನ ಕೆಲಸ. ಸೂಜಿ ಹಿಡಿದೆ. ಅಮ್ಮಿ ಓಡಿಬಂದು ಕೈ ಹಿಡಿದರು. "ಅವರು ಜೈಲಿನಲ್ಲಿರುವಾಗ ಅದೇ ಹೊಲಿಗೆ ಕೋಟಿನಲ್ಲಿ ಕಂಡರೆ ಯಾರದೆಂದು ಗೊತ್ತಾಗುವುದಿಲ್ಲವೇನೇ?" ಆಗ ಹಾಕಿದೆ ನೋಡಿ ಗಂಟು! ಕಾಲರಿನ ಒಳಗೆ, ಕಂಕುಳಲ್ಲಿ, ತೋಳಿನ ಬಾಯಲ್ಲಿ ಸಾಲುಸಾಲಾಗಿ ಗಂಟು. ಭಯಕ್ಕೆ ಎಷ್ಟು ಹಾಕಿದೆನೋ, ಹಗೆಗೆ ಅದರ ಎರಡರಷ್ಟು ಹಾಕಿದೆ. ಹಾಕುತ್ತಾ ಹಾಕುತ್ತಾ ಅತ್ತೆ.

ಅಕ್ಟೋಬರಿನಲ್ಲಿ ಮಹಾರಾಜರು ಜನರ ಸರ್ಕಾರಕ್ಕೆ ಒಪ್ಪಿದರು. ಹಿಡಿದವರನ್ನೆಲ್ಲ ಬಿಟ್ಟರು. ಅಬ್ಬಾ ಮೈಸೂರಿನ ಬಸ್ಸಿನಿಂದ ಇಳಿದಾಗ ಹಾರ ಹಿಡಿದು ನಿಂತವರಲ್ಲಿ ಶೆಟ್ಟರೇ ಮೊದಲು. ಅಬ್ಬಾ ಸೊರಗಿ ಕಡ್ಡಿಯಾಗಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಎರಡು ದಿನಕ್ಕೆ ಇನ್‌ಸ್ಪೆಕ್ಟರರು ಹೊಸ ಕೋಟು ತೊಟ್ಟುಕೊಂಡೇ ಅಂಗಡಿಗೆ ಬಂದರು. ಅವರು ಕಾಲರು ಬಿಚ್ಚಿ ಕತ್ತು ತೋರಿಸಿದರು. ಸುತ್ತಲೂ ಕೆಂಪಗೆ ತರಚಿತ್ತು.

"ನೀವು ಒಳಗಿದ್ದಾಗ ಹೊಲಿದ ಕೋಟು ಸಾಬ್ರೇ. ಕೆರ್ಕೊಂಡು ಕೆರ್ಕೊಂಡು ಸಾಕಾಗಿಹೋಗಿದೆ." ಕೋಟು ತೆಗೆದು ಹಲಗೆಯ ಮೇಲಿಟ್ಟರು. "ಅವತ್ತು ನೀವು ದಾರಕ್ಕೆ ಗಂಟು ಹಾಕ್ದಾಗಲೇ ಬಾವುಟ ಹೊಲಿದೋರು ನೀವಲ್ಲ ಅಂತ ನನಗೆ ಗೊತ್ತಾಗಿತ್ತು. ಒಳಗಿರೋರಿಗೆ ಹೇಳಿ, ಇನ್ನೇನೂ ಭಯ ಇಲ್ಲ, ಗಂಟು ಬಿಚ್ಚಿ ಹೊಲೀಲಿ. ದಸರಾಕ್ಕೆ ಬೇಕು." ಪರದೆಯ ಕಡೆ ತಿರುಗಿಯೂ ನೋಡದೆ ಹೋದರು.

ಅಬ್ಬಾ ಕೋಟನ್ನು ಒಳಗೆ ತಂದು ನನ್ನ ಮುಂದೆ ಕೂತರು. ಕಾಲರನ್ನು ಮಗುಚಿ ಗಂಟುಗಳ ಮೇಲೆ ಬೆರಳಾಡಿಸಿದರು.

"ಇಷ್ಟು ಕೆಟ್ಟದಾಗಿ ಹೊಲಿಯೋಕೆ ಬರುತ್ತಲ್ಲೇ ನಿನಗೆ. ಬಾವುಟಕ್ಕೆ ಯಾಕೆ ಬರಲಿಲ್ಲ?"

"ಗಾಳಿಗೆ ಬಿಚ್ಚಿಕೊಂಡಿದ್ದರೆ ಜನ ನಿಮ್ಮನ್ನು ಅನ್ನುತ್ತಿದ್ದರು ಅಬ್ಬಾ," ಎಂದೆ. ಆಮೇಲೆ ತಡೆಯಲಾಗಲಿಲ್ಲ. "ಅವತ್ತು ನಾನು ಹೊರಗೆ ಬರಬೇಕಿತ್ತು."

"ಬಂದಿದ್ದರೆ ಕಾಲು ಮುರಿಯುತ್ತಿದ್ದೆ," ಎಂದರು.

ಇಬ್ಬರೂ ಕೂತು ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದೆವು. ಎಲ್ಲ ಮುಗಿದ ಮೇಲೆ ಅಬ್ಬಾ ಸೂಜಿಗೆ ಖಾಕಿ ದಾರ ಪೋಣಿಸಿ ನನ್ನ ಕೈಗೆ ಕೊಟ್ಟರು. ತುದಿಗೆ ಗಂಟು ಹಾಕಿರಲಿಲ್ಲ.