ನಾಲ್ಕನೆಯ ತಪ್ಪು

ಪುಣೆಯ ಹಡಪಸರದಲ್ಲಿ, ಮದುವೆಗಳು ನಡೆಯುವ ಒಂದು ಮಂಗಲ ಕಾರ್ಯಾಲಯದ ಮೇಲಿನ ಕೋಣೆಯಲ್ಲಿ ಅಕ್ಕೋರು ಪ್ರತಿ ಭಾನುವಾರ ನಮ್ಮಂಥ ಹದಿನೆಂಟು ಮಂದಿ ಹವ್ಯಾಸಿಗಳ ವಾದ್ಯವೃಂದ ನಡೆಸುತ್ತಿದ್ದರು. ಧಾರವಾಡದ ಕಡೆಯವರು, ಅಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಯಾರಾದರೂ ತಪ್ಪಿದರೆ ಬೈಯುತ್ತಿರಲಿಲ್ಲ. ಎಡಗೈಯಿಂದ ಕಿವಿಯ ಮೇಲಿನ ಕೂದಲು ಸರಿಸಿ, "ಇನ್ನೊಮ್ಮೆ ಬಾರಿಸ್ರಿ" ಎನ್ನುತ್ತಿದ್ದರು, ಅಷ್ಟೇ.

ಒಮ್ಮೆ ಅವರು ಯುರೋಪಿಗೆ, ವಾದ್ಯವೃಂದ ನಿರ್ದೇಶಕರ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋದರು. ಅಲ್ಲೊಂದು ಸುತ್ತಿನಲ್ಲಿ ವಾದಕರು ಬೇಕೆಂದೇ ಮೂರು ತಪ್ಪು ನುಡಿಸುತ್ತಾರೆ. ನಿರ್ದೇಶಕರು ಅವನ್ನು ಹಿಡಿದು ತಿದ್ದಿ, ಗಂಟೆ ಬಾರಿಸುವುದರೊಳಗೆ ಕೃತಿ ಮುಗಿಸಬೇಕು. ನಾವು ಮೊಬೈಲಿನಲ್ಲಿ ನೋಡುತ್ತಿದ್ದೆವು. ಅಕ್ಕೋರು ಮೂರನ್ನೂ ಹಿಡಿದರು. ಮುಂದುವರಿಯಿರಿ ಎಂದು ತೀರ್ಪುಗಾರರು ಕೈ ಮಾಡಿದರು. ಇವರು ಮಾತ್ರ ಕೂದಲು ಸರಿಸಿ, ಮುಂದಿನ ಸಾಲಿನ ಹಿರಿಯ ವಯೊಲಿನ್ ವಾದಕನಿಗೆ ಇನ್ನೊಮ್ಮೆ ನುಡಿಸಲು ಹೇಳಿದರು. ತನ್ನದು ಸರಿಯಿದೆ ಎಂದು ಆತ ಹಟ ಹಿಡಿದ. ಇವರೂ ಬಿಡಲಿಲ್ಲ. ಗಂಟೆ ಬಾರಿಸಿತು. ಕೃತಿ ಅರ್ಧಕ್ಕೇ ನಿಂತಿತು, ಅಕ್ಕೋರು ಸ್ಪರ್ಧೆಯಿಂದ ಹೊರಬಿದ್ದರು.

ಮುಂದಿನ ಭಾನುವಾರ ನಾನು ತಡೆಯಲಾರದೆ, "ಮೂರು ಹಿಡಿದಿದ್ರ ಸಾಕಿತ್ತಲ್ರಿ, ಅಕ್ಕೋರ" ಎಂದೆ.

"ಗೆಲ್ಲಾಕ ಸಾಕಿತ್ತು. ಆದ್ರ ಕೇಳಿಸಿದ್ದನ್ನ ಕೇಳಿಸ್ಲಿಲ್ಲ ಅಂತ ಹೆಂಗ ನಿಂದರ್ಲಿ? ಅಂವ ಬಾರಿಸಿದ್ದು ತಪ್ಪ. ಬೇಕಾದ್ರ ನಾಳೆನ ಹೋಗಿ ಮತ್ತ ಹೇಳ್ತೀನಿ."

ಕೈ ಎತ್ತಿದರು. ನಾವು ಶುರು ಮಾಡಿದೆವು. ಕೃತಿಯ ಎರಡನೆಯ ಸಾಲಿನಲ್ಲಿ ನನ್ನ ಬೆರಳು ಜಾರಿತು. ಕೆಳಗೆ ಮದುವೆಯ ಬ್ಯಾಂಡು ಜೋರಾಗಿತ್ತು. ಯಾರಿಗೂ ಕೇಳಿಸಿರಲಾರದು ಎಂದುಕೊಂಡೆ.

ಅಕ್ಕೋರ ಎಡಗೈ ಕಿವಿಯತ್ತ ಹೋಯಿತು.