ಹತ್ತು ನಿಮಿಷ ಮುಂದಿದ್ದ ಮನೆ

‘ಅಭ್ಯಾಸಬಲ ಕಣಮ್ಮ, ಬೇಕಂತ ಮಾಡಿದ್ದಲ್ಲ’ ಎಂದು ಅಪ್ಪ ಇಂದಿಗೂ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ.

ಚಳ್ಳಕೆರೆಯ ನಮ್ಮ ಮನೆಯಲ್ಲಿ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಪದ್ಧತಿ. ಯಾರಿಗೂ ತಡವಾಗಬಾರದೆಂದು ತಾತ ಮಾಡಿದ ಏರ್ಪಾಡಂತೆ. ಅದು ಮುಂದಿದೆಯೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದುಕೊಂಡು ನಿಧಾನವಾಗಿಯೇ ಹೊರಡುತ್ತಿದ್ದರು. ಈ ಜಾಣತನಕ್ಕೆ ಏನನ್ನಬೇಕೋ!

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ ನಾನು ಆ ಸುಳ್ಳು ಗಡಿಯಾರವನ್ನು ಇಳಿಸಲು ಹಟ ಹಿಡಿದೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿ, ಒಂದು ಮೈಕ್ರೊಕಂಟ್ರೋಲರ್ ಚಿಪ್ಪನ್ನೂ ಪುಟ್ಟ ಡಿಸ್‌ಪ್ಲೇಯನ್ನೂ ಬೆಸೆದು ಹೊಸ ಗಡಿಯಾರ ಕಟ್ಟಿದೆ. ವಾರ್ತೆಗೆ ಮುಂಚೆ ರೇಡಿಯೊದಲ್ಲಿ ಬರುವ ಪೀಂ ಪೀಂ ಸದ್ದು ಕೇಳಿಸಿಕೊಂಡು ಅದು ತನ್ನ ಸಮಯವನ್ನು ತಾನೇ ತಿದ್ದಿಕೊಳ್ಳಬೇಕು. ಅಪ್ಪ ಕೆಲಸ ಮಾಡುವ ಪಕ್ಕದ ಎಣ್ಣೆ ಮಿಲ್ಲಿನ ಮೋಟಾರು ಶುರುವಾದರೆ ರೇಡಿಯೊ ಗೊರಗುಟ್ಟಿ ಚಿಪ್ಪಿಗೆ ತಲೆ ಕೆಡುತ್ತಿತ್ತು. ‘ಹುಡ್ಗೀರಿಗ್ಯಾಕೆ ಈ ಉಸಾಬರಿ’ ಎಂದು ಅಪ್ಪ ನಕ್ಕರು. ಕೊನೆಗೆ ಅದು ಸರಿಹೋಯಿತು. ‘ಇದ್ರಾಗೆ ಏನೂ ಕಳೀಬ್ಯಾಡ್ರಿ’ ಎಂದು ಎಲ್ಲರಿಗೂ ಗಂಟಲು ಹರಿಯುವಂತೆ ಹೇಳಿ ಗೋಡೆಗೆ ಹಾಕಿದೆ.

ಅಷ್ಟರಲ್ಲಿ ಅಕ್ಕನಿಗೆ ಮೊಳಕಾಲ್ಮೂರಿನಿಂದ ಸಂದರ್ಶನಕ್ಕೆ ಕರೆ ಬಂತು. ರೇಷ್ಮೆ ಸೀರೆಯ ಅಂಚಿಗೆ ವಿನ್ಯಾಸ ಬರೆಯುವ ಕೆಲಸ. ಅವಳು ಚಿಕ್ಕಂದಿನಿಂದ ಬಯಸಿದ್ದು ಅದೊಂದನ್ನೇ. ‘ನಮ್ ಮನೆ ಹೆಣ್ಮಕ್ಳು ಕೆಲ್ಸಕ್ಕೆ ಹೋಗೋದಾ?’ ಎಂದು ಅಪ್ಪ ಮುಖ ಊದಿಸಿದ್ದರು. ಅವ್ವ ಬೇಡಿಕೊಂಡ ಮೇಲೆ ‘ಹೋಗ್ಲಿ ಬಿಡು’ ಎಂದಿದ್ದರು.

ಹೊತ್ತಿಗೆ ಸರಿಯಾಗಿ ತಲುಪಿಸುವ ಬಸ್ಸು ಒಂದೇ ಇತ್ತು. ನಾನು ಆಟೊ ಕರೆದುಕೊಂಡು ಬಂದರೆ ಅಕ್ಕ ಇನ್ನೂ ದೇವರ ಮುಂದೆ ಕೂತಿದ್ದಳು.

‘ಗಡಿಯಾರ ಹತ್ ನಿಮಿಷ ಮುಂದೈತೆ, ಮಂಗಳಾರತಿ ತಗಂಡೇ ಹೋಗು ಅಂದ್ರು ಅಪ್ಪ’ ಎಂದಳು.

ನಾನು ಕಿರುಚಿ ಎಬ್ಬಿಸಿದೆ. ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿಗೆ ಅವಳು ತಲುಪಿದಾಗ ಕೆಲಸ ಬೇರೆ ಯಾರಿಗೋ ಆಗಿತ್ತು.

ಸಂಜೆ ಎಲ್ಲರೂ ನನ್ನ ಮೇಲೇ ಎಗರಿದರು. ಅಭ್ಯಾಸಬಲದಿಂದ ಹತ್ತು ಕಳೆದೆ ಎಂದು ಅಪ್ಪ ಕೈತೊಳೆದುಕೊಂಡರು. ಗಡಿಯಾರ ಬದಲಿಸಿದ ನನ್ನದೇ ತಪ್ಪೇನೋ ಎಂದು ನನಗೂ ಅನ್ನಿಸಿತು.

ಮರುದಿನ ಬೆಳಿಗ್ಗೆ ವಾರ್ತೆ ಮುಗಿದಿತ್ತು. ಅಪ್ಪ ನನ್ನ ಗಡಿಯಾರದತ್ತ ಕಣ್ಣು ಹಾಯಿಸಿ, ‘ಹೊತ್ತಾತು, ತಿಂಡಿ ಬ್ಯಾಡ’ ಎನ್ನುತ್ತ ಚಪ್ಪಲಿ ಮೆಟ್ಟಿದರು. ಮಿಲ್ಲಿಗೆ ಹೊರಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

‘ಇವತ್ತು ಹತ್ತು ಕಳೀಲಿಲ್ವಾ ಅಪ್ಪ?’

ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಒಳಗಿನಿಂದ, ಏನೂ ಅರಿಯದೆ, ನನ್ನನ್ನು ಗದರಿದಳು: ‘ಅವರನ್ಯಾಕೆ ತಡೀತೀಯ? ನೀನು ಅದನ್ನ ಹಾಕ್ದಾಗಿಂದ ದಿನಾ ಅದನ್ನ ನೋಡೇ ಕೈಗಡಿಯಾರಕ್ಕೆ ಟೈಮ್ ಕೊಡ್ತಾರೆ. ಒಂದು ಸೆಕೆಂಡೂ ತಪ್ಪಲ್ಲ ಅಂತ ಮಿಲ್ಲಾಗೆಲ್ಲ ಹೇಳ್ಕಂಡು ತಿರುಗ್ತಾರೆ.’

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ತಿಂಡಿಯ ತಟ್ಟೆ ಹಿಡಿದು ನಿಂತಿದ್ದಳು. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಅಂಗಿಯ ತೋಳನ್ನು ಕೈಗಡಿಯಾರದ ಮೇಲೆ ಎಳೆದುಕೊಂಡು, ನನ್ನನ್ನು ಸರಿಸಿ, ಹೊರಗೆ ಹೋದರು.